ದಂಡೆಯ ಗುಡಾಣ

ಇಸ್ಮಾಯಿಲಿಯಾದಲ್ಲಿ ಮನೆ ಬದಲಿಸಿದ ಮೇಲೆ ಬೆಳಗಿನ ಓಟಕ್ಕೆ ಕಾಲುವೆ ದಂಡೆಯ ಹೊಸ ದಾರಿ ಹಿಡಿದೆ. ಅಲ್ಲೇ ಮುಳುಗಿ ಸತ್ತ ಮಗನ ಹೆಸರಿನಲ್ಲಿ ನೆರೆಮನೆಯ ಉಮ್ ಶಹಾತಾ ದಾರಿಹೋಕರಿಗೆಂದು ನೀರಿನ ಗುಡಾಣ ಇಟ್ಟಿದ್ದರು. ದಿನವೂ ಕುಡಿದು ಅವನಿಗಾಗಿ ಪ್ರಾರ್ಥಿಸುತ್ತಿದ್ದೆ. ಉರಿಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಂಪು, ಸ್ವಲ್ಪ ಪಾಚಿ ವಾಸನೆ. ಗುಡಾಣದಿಂದ ಕಾಲುವೆಯವರೆಗೂ ನೆಲ ಯಾವಾಗಲೂ ಒದ್ದೆ.

ಒಂದು ದಿನ ಆಕೆಗೆ ಹೇಳಿದೆ: “ನಿಮ್ಮ ನೀರು ಕುಡಿದೇ ಓಡ್ತಿದೀನಮ್ಮಾ.”

“ಮಂಡಿನೋವು ಕಣಪ್ಪಾ, ರಂಜಾನ್‌ನಿಂದ ನಾನು ಆ ಕಡೆ ಹೋಗೇ ಇಲ್ಲ,” ಎಂದು ಆಕೆ ನನ್ನ ಮುಖವನ್ನೇ ನೋಡಿದರು. “ತುಂಬಿತ್ತಾ? ಅವನು ಹಾಗೇನೇ. ನಾನು ಕೇಳೋ ಮುಂಚೇನೇ ನೀರು ತಂದಿಡ್ತಿದ್ದ.”

ಆ ದಾರಿ ಬಿಟ್ಟೆ. ಮನೆಯಲ್ಲಿ ನಾನೊಬ್ಬನೇ ಇರುವುದು. ನಿನ್ನೆ ಹೂಜಿ ತೊಳೆದು, ಬೋರಲು ಹಾಕಿ, ಬಾಗಿಲಿಗೆ ಚಿಲಕ ಹಾಕಿ ಮಲಗಿದೆ. ಬೆಳಿಗ್ಗೆ ಅದು ನೆಟ್ಟಗೆ ನಿಂತಿತ್ತು, ಬಾಯಿಯವರೆಗೂ ತುಂಬಿ.