ಅಜ್ಜಿ ಸೆರಗಿನ ಗಾಳಿ

"ಮಧುರಾ, ನಿಮ್ಮಜ್ಜಿ ಲಿನ್‌ವುಡ್‌ನ ಹಾಲ್‌ನಲ್ಲಿ ಡ್ಯಾನ್ಸ್ ಮಾಡ್ತಿದಾರೆ ಕಣೇ!"

ಫೋನಿನಲ್ಲಿ ಗೆಳತಿ ಭಾವನಾ ಕಿರುಚಿದಳು.

"ತಲೆ ಕೆಟ್ಟಿದ್ಯಾ? ಅಜ್ಜಿ ಹೋಗಿ ವರ್ಷ ಆಯ್ತು!"

"ಅವ್ರ ಸೀರೆ ಕಣೇ! ಜಯಂತ್ ರಿಹರ್ಸಲ್‌ಗೆ ಬಂದಿದೀನಿ. ಈಗ್ಲೇ ರೈಲು ಹತ್ತು!"

ಜಯಂತ್... ಎಷ್ಟು ದಿನವಾಗಿತ್ತು ಆ ಹೆಸರು ಕೇಳಿ!

ಪರೀಕ್ಷೆಯೆಂದು ಈ ಪರದೇಶದಿಂದ ಮೈಸೂರಿಗೆ ಹೋಗದೆ, ಅಜ್ಜಿಯ ಮುಖವನ್ನು ಕೊನೆಯ ಸಲ ನೋಡಲಾಗದೆ ಉಳಿದವಳು ಮಧುರಾ. ಅಳುವೂ ಬಂದಿರಲಿಲ್ಲ.

ನೈಜೀರಿಯಾದ ಫೊಲಾಕೆ ಆಂಟಿಯ ನೃತ್ಯತಂಡದಲ್ಲಿ ಡೋಲು ಬಾರಿಸುತ್ತಿದ್ದ ಜಯಂತ್ ಆಗ ಕೇಳಿದ್ದ: "ಅಗಲಿದವ್ರನ್ನ ನೆನೆಯೋ ನೃತ್ಯ. ವೇಷಕ್ಕೆ ಅಜ್ಜಿ ಸೀರೆ ಕೊಡ್ತೀಯಾ? ಮನಸ್ಸು ಹಗುರ ಆಗತ್ತೆ."

ಯಾರೋ ಉಟ್ಟು ಕುಣಿಯುತ್ತಾರೆ ಎಂದುಕೊಂಡು, ನೆನಪಿಗೆಂದು ಊರಿನಿಂದ ಕಳಿಸಿದ್ದ ಆ ಸೀರೆಯನ್ನು ಕೊಟ್ಟಿದ್ದಳು. ಮರುದಿನ ಹೋದರೆ... ಅವನ ಕೈಯಲ್ಲಿ ಕತ್ತರಿ! ನೆಲದ ಮೇಲೆ ಪಟ್ಟಿ ಪಟ್ಟಿಯಾದ ಗಿಣಿಹಸಿರು ಸೀರೆ!

ಒಂದು ಮಾತೂ ಕೇಳದೆ ಹೊರಟುಬಂದವಳು, ಅವನ ಫೋನನ್ನೂ ಎತ್ತಿರಲಿಲ್ಲ.

ಈಗ ಹಾಲ್‌ನ ಬಾಗಿಲಲ್ಲಿ ನಿಂತಾಗ ಡೋಲಿನ ಸದ್ದು ಏರುತ್ತಿತ್ತು. ಮೈತುಂಬ ಬಟ್ಟೆಯ ಪಟ್ಟಿಗಳು ಇಳಿಬಿದ್ದ, ಮುಖವೇ ಕಾಣದ ವೇಷವೊಂದು ಗಿರಗಿರನೆ ತಿರುಗಿತು. ಅಷ್ಟೊಂದು ಬಣ್ಣಗಳ ನಡುವೆ... ಗಿಣಿಹಸಿರು!

"ನಮ್ಮ ಯೊರುಬಾ ಜನರಲ್ಲಿ ಹಿರಿಯರು ಹೀಗೇ ಬರೋದು, ಮಗಳೇ," ಎಂದು ಫೊಲಾಕೆ ಆಂಟಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. "ಆ ಬಟ್ಟೆಯ ಗಾಳಿಯೇ ಅವರ ಆಶೀರ್ವಾದ."

ಗಾಳಿ ಕೆನ್ನೆಗೆ ತಾಗಿತು.

ಕರೆಂಟ್ ಹೋದ ಮಧ್ಯಾಹ್ನ, ತೊಡೆಯ ಮೇಲೆ ಮಲಗಿಸಿಕೊಂಡು ಸೆರಗು ಬೀಸುತ್ತಿದ್ದಳಲ್ಲ ಅಜ್ಜಿ... ಅದೇ ಗಾಳಿ!

ಮಧುರಾ ಗಳಗಳನೆ ಅತ್ತುಬಿಟ್ಟಳು. ಜಯಂತ್ ಡೋಲು ಬಿಟ್ಟು ಓಡಿಬಂದ.

"ಕತ್ತರಿಸ್ತೀನಿ ಅಂತ ಮೊದ್ಲೇ ಹೇಳ್ಬೇಕಿತ್ತು, ಮಧು."

"ನಾನೂ ಕೇಳ್ಬೇಕಿತ್ತು ಕಣೋ..."

ಅವನು ಚೀಲದಿಂದ ಮಡಿಚಿಟ್ಟ ಸೆರಗನ್ನು ತೆಗೆದ. ಅದಕ್ಕೆ ಕತ್ತರಿ ತಾಗಿರಲಿಲ್ಲ.

"ಇದನ್ನ ವೇಷಕ್ಕೆ ಮನೆಯವ್ರೇ ಹೊಲೀಬೇಕು ಅಂತಾರೆ ಆಂಟಿ. ನಾನು ಮನೆಯವ್ನಲ್ವಲ್ಲ... ನೀನು ಬರ್ತೀಯ ಅಂತ ಕಾಯ್ತಿದ್ದೆ. ದಿನಾ ಕಾಯ್ತಿದ್ದೆ, ಮಧು."

ಇವನನ್ನೇ ನಾನು ದೂರ ಇಟ್ಟಿದ್ದು! ಅವಳು ಸೆರಗನ್ನು ಎದೆಗೊತ್ತಿಕೊಂಡಳು.

"ಮನೆಯವ್ನಲ್ಲ ಅಂತ ಯಾರ್ ಹೇಳಿದ್ದು?"

ಹಿಂದಿನಿಂದ ಭಾವನಾ ಶಿಳ್ಳೆ ಹೊಡೆದಳು.

"ಹೊಲಿಗೆ ಬರತ್ತಾ ನಿಂಗೆ?" ಮಧುರಾ ಜಯಂತನನ್ನು ಕೇಳಿದಳು.

"ಗುಂಡಿ ಹಾಕಕ್ಕೆ ಬರತ್ತೆ."

"ಸಾಕು. ಶೋ ನಾಳೆ ಸಂಜೆ ತಾನೇ? ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಬಾ, ಇಬ್ರೂ ಹೊಲಿಯೋಣ. ಸೂಜಿ ನಾನ್ ತರ್ತೀನಿ."

"ದಾರ?"

"ಗಿಣಿಹಸಿರು ದಾರ ನೀನು ಹುಡುಕ್ಕೊಂಡ್ ಬಾ," ಮಧುರಾ ಕಣ್ಣೊರೆಸಿಕೊಂಡು ನಕ್ಕಳು. "ಬೇರೆ ಬಣ್ಣ ತಂದ್ರೆ ಅಜ್ಜಿ ಒಪ್ಪಲ್ಲ!"