ತೆಗೆದಿಟ್ಟ ಸೊಳ್ಳೆಪರದೆ

ನಂಜನಗೂಡಿನ ಬಳಿಯ ತಾಂಡ್ಯದ ಕಾರ್ಖಾನೆಯಿಂದ ಬಂದ ಇಬ್ಬರು ಹದಿನಾರು ಎಂಬ ಊರಿನ ಒಂದು ಮನೆಯ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತಾಗ ವನಿತಾ ರಾಗಿಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಾರ್ಖಾನೆಯ ಪರವಾಗಿ ಯಂತ್ರ ಕೂರಿಸಲು ಆಫ್ರಿಕಾದ ಘಾನಾ ದೇಶಕ್ಕೆ ಹೋಗಿದ್ದ ಅವಳ ಗಂಡ ಬೆಟ್ಟಸ್ವಾಮಿ ಇನ್ನಿಲ್ಲ... ಮಲೇರಿಯಾ ಮಿದುಳಿಗೇರಿತಂತೆ!

ಅತ್ತೆ ಮುತ್ತಮ್ಮ ಅಳಲಿಲ್ಲ. ಒಳಗೆ ಹೋಗಿ, ಅಟ್ಟದ ಮೇಲಿದ್ದ ಹೊಸ ಸೊಳ್ಳೆಪರದೆಯನ್ನು ಎಳೆದು ತಂದು ಸೊಸೆಯ ಮುಖಕ್ಕೆ ಎಸೆದಳು.

"ನಾನು ಪೆಟ್ಟಿಗೇಲಿ ಇಟ್ಟಿದ್ನಲ್ಲೇ! ಭಾರ ಆಯ್ತದೆ ಅಂತ ತೆಗೆದೋಳು ಯಾರು? 'ಮಲೇರಿಯಾಕ್ಕೂ ಲಸಿಕೆ ಬಂದದೆ ಅತ್ತೆ, ಟಿವೀಲಿ ಹೇಳವ್ರೆ' ಅಂದೋಳು ಯಾರು? ಕೊಂದ್‌ಬುಟ್ಯಲ್ಲೇ ನನ್ ಮಗನ್ನ!"

ವನಿತಾ ಪರದೆಯನ್ನು ಎದೆಗವಚಿಕೊಂಡಳು. ಹೊರಡುವ ಮುನ್ನ ಗಂಡ ಸೂಜಿ ಚುಚ್ಚಿಸಿಕೊಂಡದ್ದು ನಿಜ. ಆದರೆ ಅದು ಹಳದಿ ಜ್ವರವೆಂಬ ಬೇರೆ ಕಾಯಿಲೆಯ ಲಸಿಕೆ ಎಂದು, ಮಲೇರಿಯಾ ಲಸಿಕೆ ಬಂದಿರುವುದು ಅಲ್ಲಿನ ಎಳೆಯ ಮಕ್ಕಳಿಗೆ, ದೊಡ್ಡವರಿಗೆ ಇನ್ನೂ ಇಲ್ಲವೆಂದು ಅವಳಿಗೆ ಯಾರು ಹೇಳಿದ್ದರು? ತನ್ನ ಕೈಯಾರೆ ಮಡಚಿ ಅಟ್ಟಕ್ಕೆ ಹಾಕಿದ ಪರದೆ... ಅಯ್ಯೋ, ಒಂದು ಹಿಡಿಯಷ್ಟು ಬಟ್ಟೆ!

ಅಸ್ಥಿ ತಂದವನು ಘಾನಾದಲ್ಲಿ ಬೆಟ್ಟಸ್ವಾಮಿಯ ಜೊತೆಗೆ ದುಡಿಯುತ್ತಿದ್ದ ಕಾಂತರಾಜು. ನರಸೀಪುರದ ಸಂಗಮದಲ್ಲಿ ವನಿತಾ ಮಡಕೆಗೆ ಕೈಚಾಚಿದಾಗ ಮುತ್ತಮ್ಮ ಅಡ್ಡ ನಿಂತಳು.

"ಮುಟ್ಬ್ಯಾಡ! ನಿನ್ ಕೈಯಿಂದ ಅವನ್ಗೆ ಏನೂ ಬ್ಯಾಡ."

ಕಾಂತರಾಜುವಿಗೆ ತಡೆಯಲಾಗಲಿಲ್ಲ. "ಅವ್ವಾ, ಅಕ್ಕನ್ನ ಬೈಬ್ಯಾಡಿ. ಕ್ಯಾಂಪಲ್ಲಿ ನಮ್ಗೆಲ್ಲ ಪರದೆ ಕೊಟ್ಟಿದ್ರು. ಅಡುಗೆ ಮಾಡೋ ಹೆಂಗ್ಸಿನ ಕೂಸಿಗೆ ಆರು ತಿಂಗ್ಳು ತುಂಬಿರ್ನಿಲ್ಲ, ಇನ್ನೂ ಲಸಿಕೆ ಹಾಕಂಗಿಲ್ಲ ಅಂದ್ರು. ಅಲ್ಲೀಗಂಟ ಇರ್ಲಿ ಅಂತ ಅಣ್ಣ ತನ್ನ ಪರದೇನ ಆ ಕೂಸಿಗೆ ಕಟ್‌ಬುಟ್ಟ. ನಿನ್ಗೇನಣ್ಣ ಅಂದ್ರೆ, 'ನನ್ನ ಎಮ್ಮೆಚರ್ಮಕ್ಕೆ ಸೊಳ್ಳೆ ಮೂತಿ ಮುರ್ಕೊತದೆ ಕಣೋ' ಅಂತ ನಗಾಡ್ದ..."

ವನಿತಾ ನೀರಿನಲ್ಲೇ ಕುಸಿದಳು. "ಅತ್ತೇ... ನಾನು ಪೆಟ್ಟಿಗೇಲಿದ್ದ ಪರದೇನ ತೆಗೀದಿದ್ರೆ ಎರಡಿರ್ತಿದ್ವಲ್ಲಾ! ಒಂದು ಕೊಟ್ಟು, ಇನ್ನೊಂದ್ರೊಳಗೆ ಮಲಗ್ತಿದ್ರಲ್ಲಾ!"

ಮುತ್ತಮ್ಮ ಕಾಂತರಾಜುವಿನ ಕಡೆ ತಿರುಗಿದಳು.

"ಆ ಕೂಸಿಗೆ ಸೂಜಿ ಹಾಕಿದ್ರಾ?"

"ಹಾಕಿದ್ರು ಕಣವ್ವ. ನಾನು ಹೊರಡೋ ದಿನ."

ಮುದುಕಿ ಆಗ ಅತ್ತುಬಿಟ್ಟಳು. ಸೊಸೆಯ ತೋಳು ಹಿಡಿದು ಎತ್ತಿದಳು. "ಎರಡಿದ್ದಿದ್ರೆ ಎರಡ್ನೂ ಕೊಡ್ತಿದ್ದ ಕಣವ್ವ ಅವನು. ನಾನು ಹೆತ್ತಿರೋ ಮಗ, ನನ್ಗೆ ಗೊತ್ತಿಲ್ವಾ... ತಕೊ, ನೀನೇ ಬಿಡು."

ಮಡಕೆ ವನಿತಾಳ ಕೈಗೆ ಬಂತು. ಬೂದಿ ಮೆಲ್ಲಗೆ ನೀರಿಗಿಳಿಯಿತು. ಮುತ್ತಮ್ಮ ನಂಜನಗೂಡಿನ ದಿಕ್ಕಿಗೆ ತಿರುಗಿ ಸೆರಗೊಡ್ಡಿದಳು.

"ನಂಜುಂಡಪ್ಪಾ... ಕಾಣದ ದೇಶದಲ್ಲಿ ನನ್ ಕಂದ ಚಳಿಜ್ವರದಲ್ಲಿ ನಡುಗಿ ನಡುಗಿ ಹೋದ. ಆ ನಡುಕ ಬಿಡಿಸಿ ನಿನ್ನ ಪಾದದತ್ರ ಮಲಗಿಸ್ಕೊ, ತಂದೆ. ಅವನಿಗೆ ಶಾಂತಿ ಕೊಡು..."