ನಗೆವನದ ಕಸ ಗುಡಿಸಿದ ಬೊಮ್ಮಕ್ಕ

ಏಳು ಕೆರೆ ಏಳು ಕೋಡಿಯ ಆಚೆಗೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದ ಕಾಲದಲ್ಲಿ, ಹಂಸಗೋಡು ಅಂತ ಒಂದು ರಾಜ್ಯ ಇತ್ತು. ರಾಜ ಬಲು ಮೆತ್ತನೆಯವನು. ಕೂತರೆ ಸಿಂಹಾಸನಕ್ಕೆ ಅಂಟಿಕೊಂಡೇ ಬಿಡುತ್ತಿದ್ದ. ಅವನ ರಾಣಿಗೆ ಅರವತ್ತು ದಾಟಿತ್ತು, ನೋಡಿದರೆ ಇಪ್ಪತ್ತು. ಅವಳ ಮಗಳ ತಲೆ ನರೆತಿತ್ತು, ಅಮ್ಮನದು ಒಂದು ಕೂದಲೂ ಬೆಳ್ಳಗಾಗಿರಲಿಲ್ಲ. ಪರರಾಜ್ಯದ ರಾಯಭಾರಿಯೊಬ್ಬ ಬಂದು ಮಗಳ ಕಾಲಿಗೆ ಬಿದ್ದು, "ತಾಯೀ, ನಿಮ್ಮ ಕುಮಾರಿಯನ್ನು ನಮ್ಮ ದೊರೆಗೆ ಕೊಡಿ" ಅಂತ ರಾಣಿಯ ಕಡೆ ಬೊಟ್ಟು ಮಾಡಿದನಂತೆ. ಬೇಡ ಅನ್ನುವುದಕ್ಕೆ ರಾಣಿ ಸ್ವಲ್ಪ ತಡ ಮಾಡಿದಳು ಅಂತ ದಾಸಿಯರ ಮಾತು.

ಆ ರೂಪಕ್ಕೆ ಮೂಲ ಊರಾಚೆಯ ನಗೆವನ. ಜಂಬಕೇತ ಅನ್ನುವ ಮಾಂತ್ರಿಕ ಕಟ್ಟಿದ ತೋಟ ಅದು. ಅಲ್ಲಿ ತಾನೇ ತಿರುಗುವ ಗಾಳಿತೊಟ್ಟಿಲು, ನೂರು ಮುಖ ತೋರಿಸುವ ಕನ್ನಡಿಮನೆ, ಸುತ್ತು ಹಾಕುವ ಮರದ ಕುದುರೆಗಳು. ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು ಬಾಗಿಲು ತೆರೆಯುತ್ತಿದ್ದ. ಜನ ನುಗ್ಗುತ್ತಿದ್ದರು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಲ್ಲಿ ನಕ್ಕ ನಗೆಯೆಲ್ಲ ಹಳದಿ ಪುಡಿಯಾಗಿ ನೆಲಕ್ಕೆ ಉದುರುತ್ತಿತ್ತು. ಒಂದು ನಗೆಗೆ ಆಯುಸ್ಸಿನ ಒಂದು ದಿನ. ನಕ್ಕವರಿಗೆ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದು ಮಂಡಿನೋವು ಅನ್ನುತ್ತಿದ್ದರು. ಐದು ವರ್ಷದ ಮಕ್ಕಳು ಮುದುಕರ ಹಾಗೆ ಉಸ್ಸಪ್ಪಾ ಅಂತ ಕೂರುತ್ತಿದ್ದವು.

ಆ ಪುಡಿ ರಾಣಿಗೆ ಬೇಕು. ಆದರೆ ರಾಜನ ಮುತ್ತಾತ ಕಲ್ಲಿನಲ್ಲಿ ಕೆತ್ತಿಸಿ, ಮಾಟಗಾರರ ಕೈಯಲ್ಲೂ ಆಣೆ ಹಾಕಿಸಿದ ಒಂದು ಕಟ್ಟಳೆ ಇತ್ತು: ನೆಲಕ್ಕೆ ಬಿದ್ದದ್ದು ಗುಡಿಸಿದವರದು. ಇದನ್ನು ಮೀರಿದರೆ ಮಂತ್ರ ಕೆಡುತ್ತದೆ. ಜಂಬಕೇತ ತಾನೇ ಗುಡಿಸುತ್ತಾನೆಯೇ? ಬಗ್ಗಿದರೆ ಕಿರೀಟ ಜಾರುತ್ತದಲ್ಲ! ಅದಕ್ಕೆ ಸುಗ್ಗಿ ಮುಗಿದು ಕೆಲಸವಿಲ್ಲದ ಬಡವರನ್ನು ಮೂರು ತಿಂಗಳಿಗೆ ಗುಡಿಸಲು ಕರೆಯುತ್ತಿದ್ದ. ಕೊನೆಯ ದಿನಗಳಲ್ಲಿ ಉಪಾಯ ಮಾಡಿ ಅವರನ್ನೇ ನೆಲಕ್ಕೆ ಬೀಳಿಸುತ್ತಿದ್ದ. ಬಿದ್ದವರ ಮೇಲೆ ಚಿನ್ನದ ಹಿಡಿಯ ಪೊರಕೆಯನ್ನು ಒಂದು ಸಲ ಆಡಿಸಿದರೆ ಮುಗಿಯಿತು, ಅವರು ಅವನವರು. ಅವರು ಗುಡಿಸಿದ್ದೂ ಅವನದು. ಮರುಗಳಿಗೆಗೆ ಕಂಬಕ್ಕೆ ಇನ್ನೊಂದು ಮರದ ಕುದುರೆ.

ಗುಡಿಸುವವರು ಕಾಣೆಯಾದರೆ ಯಾವ ರಾಜ ಡಂಗುರ ಹೊಡೆಸುತ್ತಾನೆ?

ಊರಿನ ತಗ್ಗುಕೇರಿಯಲ್ಲಿ ಬೊಮ್ಮಕ್ಕ ಅಂತ ಒಬ್ಬಳಿದ್ದಳು, ನಲವತ್ತರ ಹೆಂಗಸು. ತಾಯಿಯಿಲ್ಲದ ತಂಗಿ ಸೀಬಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಹೋದ ಸಲ ಸೀಬಿ ನಗೆವನಕ್ಕೆ ಗುಡಿಸಲು ಹೋದವಳು ತಿರುಗಿ ಬರಲಿಲ್ಲ. ಕೇರಿಯ ಹೆಂಗಸರಿಗೆ ಹಬ್ಬವೋ ಹಬ್ಬ. "ತಮಟೆಯವನ ಜೊತೆ ಓಡಿಹೋದಳು" ಅಂದಳು ಒಬ್ಬಳು. "ತಮಟೆಯವನಲ್ಲ ಕಣೇ, ಬಳೆಗಾರ. ನಾನೇ ಕಂಡೆ, ಕೈ ಹಿಡಿದು ಎರಡು ಗಳಿಗೆ ಬಳೆ ತೊಡಿಸುತ್ತಿದ್ದ" ಅಂದಳು ಇನ್ನೊಬ್ಬಳು. ಮೂರನೆಯವಳು ಹುಟ್ಟದ ಮಗುವಿಗೆ ಹೆಸರನ್ನೂ ಇಟ್ಟಳು.

ಬೊಮ್ಮಕ್ಕ ಈ ಸಲದ ಸುಗ್ಗಿ ಮುಗಿಯುತ್ತಲೇ ಪೊರಕೆ ಹಿಡಿದು ನಗೆವನದ ಬಾಗಿಲಲ್ಲಿ ನಿಂತಳು.

ಎರಡು ತಿಂಗಳು ಇಪ್ಪತ್ತೇಳು ದಿನ ಗುಡಿಸಿದಳು. ಕಡಲೆ ಸಿಪ್ಪೆ, ಹರಿದ ಚಪ್ಪಲಿ, ಆ ಹಳದಿ ಪುಡಿ. ತೋಟದ ಮೂಲೆಮೂಲೆಗೆ ಪೊರಕೆ ಹೋಯಿತು, ತಂಗಿ ಸಿಗಲಿಲ್ಲ. ಅಲ್ಲಿ ಆಳುಗಳಿಗೆ ಗಂಜಿ ಕಾಯಿಸುವ ಈರಮ್ಮ ಅನ್ನುವ ಮುದುಕಿಯಿದ್ದಳು. ಅವಳು ಯಾರ ಮುಖವನ್ನೂ ನೋಡಿ ಬಡಿಸುತ್ತಿರಲಿಲ್ಲ. ಆ ಇಪ್ಪತ್ತೇಳನೆಯ ದಿನ ಬೊಮ್ಮಕ್ಕ ಗಂಜಿಯ ಒಲೆಯ ಪಕ್ಕದಲ್ಲೇ ನಿಂತು, ಕೆಲಸಕ್ಕೆ ಮುಂಚೆ ಪೊರಕೆಯ ಬುಡವನ್ನು ನೆಲಕ್ಕೆ ಟಕ್ ಟಕ್ ಟಕ್ ಅಂತ ಮೂರು ಸಲ ಕುಟ್ಟಿ ಕಡ್ಡಿ ಸಮ ಮಾಡಿಕೊಂಡಳು. ಈರಮ್ಮನ ಸೌಟು ನಿಂತಿತು.

"ಹೋದ ವರ್ಷದ ಹುಡುಗಿಯೂ ಹೀಗೇ ಕುಟ್ಟುತ್ತಿದ್ದಳು" ಅಂದಳು.

"ಕುಟ್ಟುವುದನ್ನು ಕಲಿಸಿದವಳು ನಾನು. ಎಲ್ಲಿದ್ದಾಳೆ ಹೇಳು."

ಮುದುಕಿ ಎಲ್ಲ ಹೇಳಿದಳು. ಪುಡಿ, ಕಟ್ಟಳೆ, ಚಿನ್ನದ ಹಿಡಿ, ಕುದುರೆ. "ಮೂರನೆಯ ಕುದುರೆ ನನ್ನ ಗಂಡ. ದಿನಾ ಒಂದು ಸಲ ಹೋಗಿ ಕಿವಿಯಲ್ಲಿ ಮಾತಾಡಿ ಬರುತ್ತೇನೆ. ಈಗ ಕಿವಿ ಗೆದ್ದಲು ತಿಂದಿದೆ, ಆದರೂ ಮಾತಾಡುತ್ತೇನೆ."

"ಬಿಡಿಸಿಕೊಳ್ಳಲಿಲ್ಲವಾ?"

"ಹೇಗೆ? ಅವು ಕಂಬಕ್ಕೆ ನೇತಾಡುತ್ತವೆ, ಗೊರಸು ನೆಲಕ್ಕೆ ತಾಗುವುದಿಲ್ಲ. ನೆಲಕ್ಕೆ ಬೀಳದ್ದನ್ನು ಗುಡಿಸುವುದು ಹೇಗೆ? ನೀನು ಮಾತ್ರ ಬೀಳಬೇಡ ಕಣವ್ವ. ಇನ್ನು ಮೂರು ಬೆಳಗು ಇವೆ. ದಿನಾ ಬಾಗಿಲು ತೆರೆಯುವ ಗಂಟೆ ಬಾರಿಸುವ ತನಕ ಬೀಳದೆ ಕೆಲಸ ಮುಗಿಸಿದರೆ ಅವನ ಕೈ ಕಟ್ಟಿದ ಹಾಗೆ."

ಮೊದಲನೆಯ ಬೆಳಗು ಜಂಬಕೇತ ಬಂದು, "ಗಾಳಿತೊಟ್ಟಿಲ ಕೆಳಗೆ ಗುಡಿಸು" ಅಂದ. ಬೊಮ್ಮಕ್ಕ ಗುಡಿಸಿದಳು. ತೊಟ್ಟಿಲು ತಾನೇ ಗಿರ್ರನೆ ತಿರುಗತೊಡಗಿತು. ಮೇಲಿನಿಂದ ಸೀಬಿಯ ದನಿ ಬಂತು. "ಅಕ್ಕಾ, ಇಲ್ಲಿದ್ದೀನಿ! ತಲೆ ಎತ್ತಿ ನೋಡೇ!" ಬೊಮ್ಮಕ್ಕ ಪೊರಕೆ ನಿಲ್ಲಿಸಲಿಲ್ಲ. ತಲೆ ಎತ್ತಿದ್ದರೆ ಕಣ್ಣು ಕತ್ತಲಿಟ್ಟು ಬೀಳುತ್ತಿದ್ದಳು. "ನನ್ನ ತಂಗಿ ಗುಡಿಸುವವಳು ಮಾರಾಯಾ. ಗುಡಿಸುವವರನ್ನು ತಲೆ ಎತ್ತು ಅಂತ ಅವಳು ಕರೆಯುವುದಿಲ್ಲ" ಅಂದುಕೊಂಡು ನೆಲ ನೋಡಿಕೊಂಡೇ ಗುಡಿಸಿದಳು. ಗಂಟೆ ಬಾರಿಸಿತು.

ಎರಡನೆಯ ಬೆಳಗು ಕನ್ನಡಿಮನೆ. ಗುಡಿಸುತ್ತಿದ್ದ ಹಾಗೆ ಕನ್ನಡಿಯೊಳಗಿಂದ ಹುಲಿಯೊಂದು ಹಾರಿತು, ಬಾಯಿಂದ ರಕ್ತ ಸುರಿಸುತ್ತ ಸುತ್ತು ಬಂತು. ಬೊಮ್ಮಕ್ಕನ ಕಣ್ಣು ನೆಲದ ಮೇಲಿತ್ತು. ನೆಲದ ತುಂಬ ಧೂಳು, ಧೂಳಿನಲ್ಲಿ ಹುಲಿಯ ಹೆಜ್ಜೆ ಒಂದೂ ಇಲ್ಲ. "ಹೆಜ್ಜೆ ಇಲ್ಲದ ಹುಲಿಗೆ ಹಲ್ಲೆಲ್ಲಿ? ಸರಿ ಆಚೆ, ಅಲ್ಲಿ ಕಸ ಇದೆ" ಅಂದಳು. ಹುಲಿ ಮುಖ ಸಪ್ಪೆ ಮಾಡಿಕೊಂಡು ಕನ್ನಡಿಗೆ ಹೋಯಿತು. ಗಂಟೆ ಬಾರಿಸಿತು.

ಮೂರನೆಯ ಬೆಳಗು ಜಂಬಕೇತ ನಗುತ್ತ ಬಂದ. ಅವನು ನಕ್ಕರೆ ಏನೂ ಉದುರುತ್ತಿರಲಿಲ್ಲ. "ಕುದುರೆಚಾವಡಿ ಗುಡಿಸಿ, ಸಗಣಿ ಹಾಕಿ ಸಾರಿಸು" ಅಂದ.

ಈರಮ್ಮ ಗಂಜಿ ಕೊಡುವ ನೆಪದಲ್ಲಿ ಬಂದು ಪಿಸುಗುಟ್ಟಿದಳು. "ನಿನ್ನ ತಂಗಿ ಬಿದ್ದದ್ದು ಇಲ್ಲೇ. ಸಾರಿಸುವವರು ಹಿಂದಕ್ಕೆ ಹಿಂದಕ್ಕೆ ತಾನೇ ಸರಿಯುವುದು? ಬೆನ್ನ ಹಿಂದೆ ಅವನು ಸಾಸಿವೆ ಚೆಲ್ಲಿದ್ದ."

ಬೊಮ್ಮಕ್ಕ ಗುಡಿಸಿದಳು. ಇಪ್ಪತ್ತೇಳು ಕುದುರೆಗಳು ಕಂಬಗಳಿಗೆ ನೇತಾಡುತ್ತಿದ್ದವು. ಬಣ್ಣದ ಜೀನು, ಗಾಜಿನ ಕಣ್ಣು, ಕಣ್ಣಿನ ಕೆಳಗೆ ಉಪ್ಪುಗಟ್ಟಿದ ಗೆರೆ. ಅವಳು ಪೊರಕೆಯ ಬುಡ ಕುಟ್ಟಿದಳು, ಟಕ್ ಟಕ್ ಟಕ್. ಕೊನೆಯ ಕುದುರೆಯ ಗೊರಸು ಕಂಬಕ್ಕೆ ತಾಗಿತು, ಟಕ್ ಟಕ್ ಟಕ್.

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಸಗಣಿನೀರಿಗೆ ಲೋಳೆಸರ ಕಿವುಚಿದಳು. ಎಲ್ಲರೂ ನಡುವಿನಿಂದ ಶುರು ಮಾಡಿ ಅಂಚಿಗೆ ಬರುತ್ತಾರೆ, ಹೊರಕ್ಕೆ ಇಳಿಯಬೇಕಲ್ಲ. ಬೊಮ್ಮಕ್ಕ ಅಂಚಿನಿಂದ ಶುರು ಮಾಡಿದಳು. ಸುತ್ತ ಸಾರಿಸುತ್ತ ಹಿಂದಕ್ಕೆ ಸರಿದು ಸರಿದು, ನಡುವಿನ ದೊಡ್ಡ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಬೆನ್ನ ಹಿಂದೆ ಸಾಸಿವೆ ಚೆಲ್ಲಲು ಜಾಗವಿಲ್ಲ. ಸುತ್ತಲೂ ಒದ್ದೆ ನೆಲ ಮಿರಮಿರ ಮಿಂಚುತ್ತಿತ್ತು.

ಸಾಸಿವೆ ಮುಷ್ಟಿ ಹಿಡಿದು ಬಂದ ಜಂಬಕೇತ ಹಲ್ಲು ಕಡಿದ. "ಮೂಳಿ! ಹೀಗೆ ಯಾರಾದರೂ ಸಾರಿಸುತ್ತಾರಾ? ಹೊರಗೆ ಹೇಗೆ ಬರುತ್ತೀಯ?"

"ಆರಲಿ ಬುದ್ಧೀ, ಬರುತ್ತೀನಿ."

"ಗಂಟೆಗೆ ಹೊತ್ತಾಯಿತು!"

"ಬಾರಿಸಲಿ ಬಿಡಿ. ನನ್ನ ಕೆಲಸ ಮುಗಿದಿದೆ."

ಗಂಟೆಯ ಹಗ್ಗಕ್ಕೆ ಕಾವಲುಗಾರ ಕೈ ಹಾಕಿಯಾಗಿತ್ತು. ಅವಳನ್ನು ತಾನೇ ದಬ್ಬಿ ಕೆಡವುತ್ತೇನೆ ಅಂತ ಮಾಂತ್ರಿಕ ಚಿನ್ನದ ಹಿಡಿಯ ಪೊರಕೆ ಎತ್ತಿಕೊಂಡು ಚಾವಡಿಗೆ ಹಾರಿದ. ಸಾವಿರ ಮಂತ್ರ ಗೊತ್ತಿತ್ತು ಅವನಿಗೆ. ಸಾರಿಸಿದ ನೆಲ ಆರುವ ತನಕ ಕಾಲಿಡಬಾರದು ಅನ್ನುವುದು ಗೊತ್ತಿರಲಿಲ್ಲ. ಅಂಬೆಗಾಲಿಡುವ ಕೂಸಿಗೂ ನಮ್ಮಲ್ಲಿ ಗೊತ್ತು. ಆದರೆ ಅವನ ಜನ್ಮದಲ್ಲಿ ಯಾರು ಅವನನ್ನು ಗದರಿಸಿದ್ದರು? ಮೊದಲು ಎಡಗಾಲು ಹೋಯಿತು, ಆಮೇಲೆ ಬಲಗಾಲು, ಆಮೇಲೆ ಕಿರೀಟ. ದೊಪ್ಪನೆ ಬಿದ್ದು, ಜಾರಿಕೊಂಡು ಬಂದು ಬೊಮ್ಮಕ್ಕನ ಪಾದಕ್ಕೇ ತಲೆ ಬಡಿದುಕೊಂಡ.

"ತಾಯೀ, ರಾಣಿಗಿಂತ ಚೆಂದ ಮಾಡುತ್ತೀನಿ ನಿನ್ನ" ಅಂದ.

"ಚೆಂದ ಯಾರಿಗೆ ಬೇಕಾಗಿತ್ತು ಹೇಳು" ಅಂತ ಬೊಮ್ಮಕ್ಕ ತನ್ನ ಪೊರಕೆ ಆಡಿಸಿದಳು, ಒಂದೇ ಸಲ.

ಜಂಬಕೇತ ಒಂದು ಹಿಡಿ ಬೂದಿಯಾದ. ಅವನದೆಲ್ಲ ಅವಳದಾಯಿತು. ಕಂಬಗಳು ಕಳಚಿ ಕುದುರೆಗಳು ದಡದಡ ನೆಲಕ್ಕೆ ಬಿದ್ದವು. ಅವಳು ಮಂಡಿಯೂರಿ ಒಂದೊಂದರ ಮೇಲೂ ಪೊರಕೆ ಆಡಿಸಿದಳು. ಇಪ್ಪತ್ತೊಂದು ಕುದುರೆ ಮನುಷ್ಯರಾಗಿ ಎದ್ದವು. ಆರು ಏಳಲಿಲ್ಲ, ಒಳಗೆ ಗೆದ್ದಲು ತಿಂದು ಪೊಳ್ಳಾಗಿದ್ದವು. ಪೊರಕೆ ತಾಗಿದ್ದೇ ಪುಡಿ. ಈರಮ್ಮನ ಗಂಡನೂ ಅದರಲ್ಲಿ. ಅವಳು ಆ ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಇನ್ನು ಮನೆಗೆ ಹೋಗೋಣ ನಡಿ" ಅಂತ ಸೆರಗಿನ ಗಂಟಿಗೇ ಹೇಳಿ ಹೊರಟಳು.

ಸೀಬಿ ಎದ್ದಳು, ಆದರೆ ಬಲಪಾದ ಮರದ್ದೇ ಉಳಿಯಿತು. ಅಕ್ಕನ ಹೆಗಲು ಹಿಡಿದು ಮೊದಲು ಕೇಳಿದ್ದು ಇಷ್ಟು. "ಕೇರಿಯಲ್ಲಿ ಏನಂದರು ನನ್ನ?"

"ಏನೂ ಅನ್ನಲಿಲ್ಲ ಕಣೇ" ಅಂದಳು ಬೊಮ್ಮಕ್ಕ. ಜನ್ಮದಲ್ಲಿ ಅವಳು ಹೇಳಿದ್ದು ಆ ಒಂದೇ ಸುಳ್ಳು.

ಹಳದಿ ಪುಡಿಯ ರಾಶಿಯನ್ನು ಬೊಮ್ಮಕ್ಕ ಬಾಗಿಲಿಂದ ಆಚೆಗೆ ಗುಡಿಸಿದಳು. ಗಾಳಿ ಎತ್ತಿಕೊಂಡು ಹೋಗಿ ಬದುಕಿದ್ದವರಿಗೆ ಅವರವರ ದಿನಗಳನ್ನು ಹಂಚಿತು. ಸತ್ತವರ ಪಾಲು ಸ್ಮಶಾನದ ಮೇಲೆ ಸುಮ್ಮನೆ ಉದುರಿತು. ಅದೇ ಹೊತ್ತಿಗೆ ತುಂಬಿದ ಸಭೆಯಲ್ಲಿ ರಾಣಿಯ ಹಲ್ಲುಗಳು ಪಟಪಟ ಬಿದ್ದವು, ಕೂದಲು ಹತ್ತಿಯಾಯಿತು. ರಾಜ, "ಯಾರಮ್ಮ ನೀನು?" ಅಂದನಂತೆ. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಮಗಳು ಮಾತ್ರ ಎದ್ದು ಹೋಗಿ ಅಮ್ಮನಿಗೆ ಊರುಗೋಲು ತಂದುಕೊಟ್ಟಳು.

ಅಕ್ಕತಂಗಿ ಕೇರಿಗೆ ಬಂದರು. ಟಕ್ ಟಕ್ ಅನ್ನುವ ಕಾಲಿನ ಸದ್ದಿಗೆ ಬಾಗಿಲುಗಳೆಲ್ಲ ತೆರೆದವು. ಏನಾಯಿತು, ಎಲ್ಲಿದ್ದಳು, ಯಾರ ಜೊತೆ ಇದ್ದಳು ಅಂತ ಹೆಂಗಸರು ಓಡೋಡಿ ಬಂದರು. ಅಷ್ಟರೊಳಗೆ ಬೊಮ್ಮಕ್ಕ ಅಂಗಳ ಸಾರಿಸಿ, ಜಗಲಿಯ ಮೇಲೆ ತಂಗಿಯ ಪಕ್ಕ ಕೂತು, ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

"ಸೀಬೀ, ಹೇಳೇ! ಆ ಬಳೆಗಾರ..." ಅಂತ ಒಬ್ಬಳು ಕಾಲು ಎತ್ತಿದಳು.

"ಹಸಿ ಇದೆ" ಅಂದಳು ಬೊಮ್ಮಕ್ಕ. "ಆರಲಿ, ಆಮೇಲೆ ಬನ್ನಿ."

ಅಕ್ಕತಂಗಿ ಆ ಜಗಲಿಯ ಮೇಲೆ ಸುಖವಾಗಿ ಮುದುಕಿಯರಾದರು. ಕೇರಿಯವರು ಎತ್ತಿದ ಕಾಲನ್ನು ಹಿಂದಕ್ಕಿಟ್ಟು ನೋಡುತ್ತಲೇ ಇದ್ದರು. ಆ ಅಂಗಳ ಇವತ್ತಿಗೂ ಆರಿಲ್ಲವಂತೆ.